ಮೊದಲ ಕರಡು ಮುಂದಕ್ಕೆ ಸಾಗಲು: ಕಲಬುರಗಿ, ಬೀದರ, ಯಾದಗಿರಿಯ ಹೊಸ ಕಾದಂಬರಿಕಾರರಿಗೆ

ನಮ್ಮ ಮೂರೂ ಜಿಲ್ಲೆಗಳಲ್ಲಿ ಅರ್ಧಕ್ಕೆ ನಿಂತ ಕಾದಂಬರಿಗಳಿಗೆ ಕೊರತೆಯಿಲ್ಲ. ಮೂರು ಅಧ್ಯಾಯ ತುಂಬಿ ಕಪಾಟು ಸೇರಿದ ಲಾಂಗ್ ಬುಕ್ಕು, ಇಪ್ಪತ್ತನೇ ಪುಟದಲ್ಲಿ ನಿಂತುಹೋದ ಫೈಲು, ಐದಾರು ಸಲ ತಿದ್ದಿದ ಮೊದಲ ಅಧ್ಯಾಯ. ಕೇಳಿದರೆ ಸಮಯ ಸಿಗಲಿಲ್ಲ ಎನ್ನುತ್ತಾರೆ. ಸಮಯದ ತೊಂದರೆ ಇದ್ದೇ ಇದೆ. ಆದರೆ ಕರಡು ನಿಂತ ಪುಟವನ್ನೇ ತೆರೆದು ನೋಡಿದರೆ ಸಾಮಾನ್ಯವಾಗಿ ಇನ್ನೊಂದು ಕಾರಣ ಕಾಣುತ್ತದೆ: ಯಾವುದೋ ಒಂದು ವಿಷಯ ತೀರ್ಮಾನವಾಗದೆ ಉಳಿದಿರುತ್ತದೆ. ಪಾತ್ರಗಳು ಯಾವ ಕನ್ನಡ ಮಾತಾಡಬೇಕು, ಕಥೆ ಯಾವ ವರ್ಷದ್ದು, ಯಾರ ಕಣ್ಣಿನಿಂದ ಹೇಳುವುದು, ಗೊತ್ತಿಲ್ಲದ ಸಂಗತಿ ಎದುರಾದರೆ ಏನು ಮಾಡುವುದು. ಈ ನಾಲ್ಕನ್ನು ಮೊದಲೇ ತಾತ್ಕಾಲಿಕವಾಗಿಯಾದರೂ ತೀರ್ಮಾನಿಸಿ, ಆಮೇಲೆ ಹಿಂದೆ ತಿರುಗದೆ ಬರೆದರೆ ನೌಕರಿ, ಹೊಲ, ಸಂಸಾರ ಎಲ್ಲ ಇಟ್ಟುಕೊಂಡೇ ಏಳೆಂಟು ತಿಂಗಳಲ್ಲಿ ಕರಡು ಮುಗಿಯುತ್ತದೆ.

ವಿವರಣೆಗೆ ಒಂದು ಕಲ್ಪಿತ ಕಾದಂಬರಿಯನ್ನು ಇಟ್ಟುಕೊಳ್ಳೋಣ. ಆಳಂದ ಕಡೆಯ ಹಳ್ಳಿ. ಅಣ್ಣ ಒಕ್ಕಲುತನ ಮಾಡಿಕೊಂಡು ಊರಲ್ಲಿದ್ದಾನೆ. ತಮ್ಮ ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದವನು ತಿರುಗಿ ಬಂದು ಪಾಲು ಕೇಳುತ್ತಾನೆ. ಅವನ ಪಾಲಿಗೆ ಬರುವ ಎರಡು ಎಕರೆಯಲ್ಲೇ ಬಾವಿ ಇದೆ. ಅದನ್ನು ಅವನು ಮಾರಲು ಬಿಡಬಾರದೆಂದು ನಿಂತವಳು ಅಣ್ಣನ ಹೆಂಡತಿ.

ಅಳತೆ ಮೊದಲು

ಎಷ್ಟು ಬರೆಯಬೇಕು ಎಂಬುದು ಗೊತ್ತಿಲ್ಲದೆ ಹೊರಟವರಿಗೆ ಎಲ್ಲಿಗೆ ಬಂದಿದ್ದೇವೆ ಎಂಬುದೂ ಗೊತ್ತಾಗುವುದಿಲ್ಲ. ಡೆಮಿ 1/8 ಅಳತೆಯ ಕನ್ನಡ ಪುಸ್ತಕದ ಒಂದು ತುಂಬಿದ ಪುಟದಲ್ಲಿ ಸುಮಾರು 220ರಿಂದ 250 ಪದ ಹಿಡಿಯುತ್ತವೆ. ಮುದ್ರಣದಲ್ಲಿ 16 ಪುಟಕ್ಕೆ ಒಂದು ಫಾರಂ. 12-13 ಫಾರಮ್ಮಿನ ಪುಸ್ತಕವೆಂದರೆ ಹತ್ತಿರ ಹತ್ತಿರ 200 ಪುಟ, ಅಂದರೆ 45,000 ಪದ. ಮೊದಲ ಕಾದಂಬರಿಗೆ ಇದು ಹದವಾದ ಗುರಿ.

1999ರಲ್ಲಿ ಅಮೆರಿಕದಲ್ಲಿ ಶುರುವಾದ, ನವೆಂಬರ್ ಒಂದೇ ತಿಂಗಳಲ್ಲಿ 50,000 ಪದ ಬರೆಯುವ ಸವಾಲಿನ ಬಗ್ಗೆ ಹಲವರು ಓದಿರುತ್ತಾರೆ. ಅದಕ್ಕೆ ದಿನಕ್ಕೆ 1,667 ಪದ ಬೇಕು. ಆ ಲೆಕ್ಕ ಇಂಗ್ಲಿಷಿನದು. ಕನ್ನಡದಲ್ಲಿ ವಿಭಕ್ತಿ, ಕಾಲ, ಅವ್ಯಯ ಎಲ್ಲ ಪದದೊಳಗೇ ಸೇರಿಕೊಳ್ಳುವುದರಿಂದ ಅಷ್ಟೇ ಕಥೆಗೆ ಪದಗಳ ಎಣಿಕೆ ಕಡಿಮೆ ಬರುತ್ತದೆ, ಒಂದೊಂದು ಪದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ದಿನಕ್ಕೆ 1,667 ಎಂದು ಹಟ ಹಿಡಿದವರು ವಾರದೊಳಗೆ ಸೋತು, ನನ್ನ ಕೈಲಾಗದು ಎಂದು ಬಿಡುತ್ತಾರೆ. ದಿನಕ್ಕೆ 400 ಪದ, ವಾರಕ್ಕೆ ಐದು ದಿನ ಸಾಕು. ವಾರಕ್ಕೆ 2,000 ಆದರೆ 45,000ಕ್ಕೆ ಇಪ್ಪತ್ಮೂರು ವಾರ. ಮದುವೆ, ಜಾತ್ರೆ, ಪರೀಕ್ಷೆ, ಜ್ವರ ಇವಕ್ಕೆಂದು ಆರು ವಾರ ಸೇರಿಸಿದರೆ ಸುಮಾರು ಏಳು ತಿಂಗಳು.

ಲಾಂಗ್ ಬುಕ್ಕಿನಲ್ಲಿ ಬರೆಯುವವರು ತಮ್ಮ ಕೈಬರಹದ ಮೂರು ತುಂಬಿದ ಪುಟ ಎಣಿಸಿ ಸರಾಸರಿ ತೆಗೆಯಲಿ. ಪುಟಕ್ಕೆ 25 ಸಾಲು, ಸಾಲಿಗೆ ಏಳು ಪದ ಎಂದರೆ 175. ದಿನಕ್ಕೆ ಎರಡೂಕಾಲು ಪುಟ. ಆಮೇಲೆ ಪದ ಎಣಿಸುವ ಗೋಜು ಬೇಡ, ಪುಟದ ಲೆಕ್ಕವೇ ಸಾಕು.

ಯಾವಾಗ ಶುರು ಮಾಡುವುದು ಎಂಬುದನ್ನು ನಿಮ್ಮ ಕೆಲಸವೇ ಹೇಳುತ್ತದೆ. ಒಕ್ಕಲು ಮನೆಯವರಿಗೆ ತೊಗರಿ ರಾಶಿ ಮುಗಿದ ಮೇಲೆ, ಫೆಬ್ರವರಿ, ಒಳ್ಳೆಯ ಹೊತ್ತು. ಏಪ್ರಿಲ್-ಮೇ ಮದುವೆಗಳನ್ನು ಕಳೆದರೂ ಮುಂಗಾರಿಗೆ ಮುಂಚೆ 14 ವಾರ ಕೈಗೆ ಬರುತ್ತವೆ, ಅಂದರೆ 28,000 ಪದ. ಬಿತ್ತನೆಯ ಮೂರ್ನಾಲ್ಕು ವಾರ ಬರೆಯುವುದಿಲ್ಲ ಎಂದು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲೇ ಗೊತ್ತುಮಾಡಿಕೊಂಡ ಬಿಡುವು ಕರಡನ್ನು ಕೆಡಿಸುವುದಿಲ್ಲ, ಅಚಾನಕ್ಕಾಗಿ ತಪ್ಪಿಹೋದ ವಾರ ಕೆಡಿಸುತ್ತದೆ. ಇನ್ನು ಬೇಸಿಗೆ. ಬಿಸಿಲು 42-43 ಡಿಗ್ರಿ ಮುಟ್ಟುವ ದಿನಗಳಲ್ಲಿ ಮಧ್ಯಾಹ್ನ ಬರೆಯಲು ಕೂರುವುದೇ ತಪ್ಪು. ಬೆಳಗಿನ ಐದರಿಂದ ಆರೂವರೆ ಇದ್ದಂತೆ ಬೇರೆ ಹೊತ್ತಿಲ್ಲ.

ಒಂದು ಹಾಳೆಯ ತೀರ್ಮಾನಗಳು

ಒಂದೇ ಒಂದು ಹಾಳೆ ತೆಗೆದುಕೊಳ್ಳಿ. ಎರಡನೆಯದು ಬೇಕೆನಿಸಿದರೂ ತೆಗೆಯಬೇಡಿ. ಅದರಲ್ಲಿ ಇಷ್ಟು ಬರೆಯಿರಿ: ಕಥೆ ಯಾರದು, ಆಕೆಗೆ ಅಥವಾ ಆತನಿಗೆ ಏನು ಬೇಕಾಗಿದೆ, ಅದು ಸಿಗದಂತೆ ಯಾರು ಅಥವಾ ಯಾವುದು ತಡೆದಿದೆ, ಕಥೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ವರ್ಷ, ಯಾರು ಹೇಳುತ್ತಿದ್ದಾರೆ, ಸದ್ಯಕ್ಕೆ ಹೊಳೆದಿರುವ ಕೊನೆ ಯಾವುದು.

ನಮ್ಮ ಉದಾಹರಣೆಗೆ ಹಾಳೆ ಹೀಗಿರಬಹುದು. ಕಥೆ ಅಣ್ಣನ ಹೆಂಡತಿಯದು. ಅವಳಿಗೆ ಬಾವಿ ಕೈಬಿಡಬಾರದು. ತಡೆ ಮೈದುನನ ಸಾಲ, ಮತ್ತು ಗಂಡನ ಮೌನ. ಜೂನ್ ತಿಂಗಳ ಬಿತ್ತನೆಯಿಂದ ಜನವರಿಯ ರಾಶಿಯವರೆಗೆ. ವರ್ಷ 2012. ಅವಳ ಕಣ್ಣಿಗೆ ಕಂಡಷ್ಟೇ ಹೇಳುವುದು, ಆದರೆ 'ಅವಳು' ಎಂದು ಪ್ರಥಮ ಪುರುಷದಲ್ಲಿ. ಕೊನೆ: ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು (ಹೊಲಕ್ಕೆ ಎಡೆ ಚೆಲ್ಲಲು) ಇಡೀ ಮನೆ ಅದೇ ಹೊಲಕ್ಕೆ ಹೋಗುತ್ತದೆ, ಅಲ್ಲಿ ಮಾತು ಒಡೆಯುತ್ತದೆ.

ಕಾಲಾವಧಿಯನ್ನು ಬೆಳೆಗೆ ಕಟ್ಟಿದರೆ ನಮ್ಮ ಭಾಗದ ಕಥೆಗೆ ಬಹಳ ಅನುಕೂಲ. ತೊಗರಿ ಮುಂಗಾರಿನಲ್ಲಿ ಬಿತ್ತಿ, ಅಕ್ಟೋಬರ್-ನವೆಂಬರಿನಲ್ಲಿ ಹೂ ಕಾಯಿ ಕಟ್ಟಿ, ಡಿಸೆಂಬರ್-ಜನವರಿಯಲ್ಲಿ ಕೊಯ್ಲಿಗೆ ಬರುವ ಬೆಳೆ. ಆರೇಳು ತಿಂಗಳು ಹೊಲದಲ್ಲೇ ನಿಲ್ಲುತ್ತದೆ. ಕಾಯಿಕೊರಕ ಬೀಳುವ ಭಯ, ಮೋಡ ಕವಿದ ದಿನ, ಗಂಜಿನಲ್ಲಿ (ಎಪಿಎಂಸಿ ಮಾರುಕಟ್ಟೆಯಲ್ಲಿ) ಧಾರಣೆ ಏಳುವುದು ಬೀಳುವುದು, ಇವೆಲ್ಲ ತಾವಾಗಿಯೇ ಕಥೆಗೆ ಒತ್ತಡ ತರುತ್ತವೆ. ಲೇಖಕ ಹೊರಗಿನಿಂದ ತರಬೇಕಾದ ಘಟನೆಗಳು ಅಷ್ಟು ಕಡಿಮೆ. ಬೀದರಿನ ಕಥೆಯಾದರೆ ಒಂದು ಬಿದ್ರಿ ಹೂಜಿ ಅಚ್ಚಿನಿಂದ ಹೊರಬಂದು, ಕೆತ್ತನೆಯಾಗಿ, ಬೆಳ್ಳಿ ತಂತಿ ಕೂತು, ಕೋಟೆಯ ಮಣ್ಣಿನಲ್ಲಿ ಕಪ್ಪಾಗುವವರೆಗಿನ ಅವಧಿಯನ್ನೂ ಹಿಡಿಯಬಹುದು. ಯಾದಗಿರಿ ಕಡೆಯಾದರೆ ಭೀಮೆಗೆ ನೀರು ಬಂದು ಇಳಿಯುವವರೆಗಿನ ದಿನಗಳು.

ವರ್ಷವನ್ನು ಬರೆದಿಡಲೇಬೇಕು. ನಮ್ಮ ಭಾಗದಲ್ಲಿ ವರ್ಷ ತಪ್ಪಿದರೆ ಕಥೆಯ ಆಧಾರವೇ ಅಲುಗುತ್ತದೆ. 1947ರ ಆಗಸ್ಟಿನಲ್ಲಿ ಇಲ್ಲಿ ಸ್ವಾತಂತ್ರ್ಯ ಬಂದಿರಲಿಲ್ಲ. ನಿಜಾಮನ ಆಡಳಿತ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. ಅದಕ್ಕೂ ಹಿಂದಿನ ಕಥೆಯಲ್ಲಿ ಕಚೇರಿಯ ಕಾಗದ ಉರ್ದುವಿನಲ್ಲಿರುತ್ತದೆ, ಕೈಯಲ್ಲಿರುವ ರೂಪಾಯಿ ನಿಜಾಮನ ನಾಣ್ಯವಾದ ಹಾಲಿ ಸಿಕ್ಕಾ ಆಗಿರುತ್ತದೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1. ನಯೇ ಪೈಸೆ ಬಂದದ್ದು 1957ರಲ್ಲಿ. ಅದಕ್ಕೆ ಮುಂಚೆ ಆಣೆ. ರಾಜ್ಯದ ಹೆಸರು ಕರ್ನಾಟಕವಾದದ್ದು 1973ರಲ್ಲಿ. 2009ರ ಡಿಸೆಂಬರಿಗೆ ಮುಂಚೆ ಯಾದಗಿರಿಯವರ ಜಿಲ್ಲಾ ಕಚೇರಿ ಗುಲ್ಬರ್ಗದಲ್ಲಿ. 2014ರ ನವೆಂಬರಿಗೆ ಮುಂಚೆ ಸರ್ಕಾರಿ ಕಾಗದದ ಮೇಲೆ ಗುಲ್ಬರ್ಗ ಎಂದೇ ಇರುತ್ತದೆ, ಮಾತಿನಲ್ಲಿ ಕಲಬುರಗಿ ಎಂದಿದ್ದರೂ. ಬೀದರಿನಿಂದ ಕಲಬುರಗಿಗೆ ನೇರ ರೈಲು ಮಾರ್ಗ ತೆರೆದದ್ದು 2017ರಲ್ಲಿ. 2012ರ ಪಾತ್ರ ಆ ರೈಲು ಹತ್ತುವಂತಿಲ್ಲ. ನಿಮ್ಮ ಕಥೆಗೆ ಸಂಬಂಧಿಸಿದ ಇಂಥ ಮೂರ್ನಾಲ್ಕನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು ಅಲ್ಲಿಗೆ ನಿಲ್ಲಿಸಿ.

ಭಾಷೆಯ ತೀರ್ಮಾನ

ನಮ್ಮ ಭಾಗದ ಕರಡುಗಳು ಹೆಚ್ಚಾಗಿ ಸಾಯುವ ಜಾಗ ಇದು. ಮೊದಲ ಅಧ್ಯಾಯದಲ್ಲಿ ಪಾತ್ರಗಳು ಮನೆಯ ಮಾತು ಆಡುತ್ತವೆ. ಮೂರನೆಯದರಲ್ಲಿ, ಬೆಂಗಳೂರು ಮೈಸೂರಿನವರಿಗೆ ತಿಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ಬಂದು ಗ್ರಂಥಸ್ಥ ಕನ್ನಡಕ್ಕೆ ಜಾರುತ್ತವೆ. ಐದನೆಯದರಲ್ಲಿ ಲೇಖಕರಿಗೇ ಅದು ಸಪ್ಪೆ ಎನಿಸಿ, ಮತ್ತೆ ಮೊದಲಿನಿಂದ ತಿದ್ದಲು ಕೂರುತ್ತಾರೆ. ತಿದ್ದಲು ಕೂತವರು ಆರನೆಯದಕ್ಕೆ ಬರುವುದೇ ಇಲ್ಲ.

ನಿರೂಪಣೆ ಒಂದು, ಮಾತು ಇನ್ನೊಂದು ಎಂದು ಎರಡು ಪ್ರತ್ಯೇಕ ತೀರ್ಮಾನ ಮಾಡಿ. ನಿರೂಪಣೆಗೆ ನೀವು ಪತ್ರ, ವರದಿ ಬರೆಯುವ ಸರಳ ಕನ್ನಡವೇ ಇರಲಿ. ಕೈ ಬೇಗ ಓಡುತ್ತದೆ. ಮಾತು ಮಾತ್ರ ಪಾತ್ರದ ಬಾಯಿಯದೇ ಆಗಿರಲಿ. ಇಡೀ ನಿರೂಪಣೆಯನ್ನೂ ಆಡುಮಾತಿನಲ್ಲಿ ಮಾಡಬಹುದು, ಅದಕ್ಕೊಂದು ಸೊಗಸಿದೆ. ಆದರೆ 45,000 ಪದದುದ್ದಕ್ಕೂ ಒಂದೇ ದನಿ ಹಿಡಿಯುವುದು ಕಷ್ಟದ ಕೆಲಸ, ಮೊದಲ ಕಾದಂಬರಿಯಲ್ಲಿ ಅದನ್ನು ಹೊತ್ತುಕೊಳ್ಳದಿರುವುದೇ ಲೇಸು.

ಆಮೇಲೆ ಒಂದು ಮಾತಿನ ಪಟ್ಟಿ ಮಾಡಿ. ಹದಿನೈದು-ಇಪ್ಪತ್ತು ಸಾಲು ಸಾಕು. 'ಇದೆ'ಗೆ ನಮ್ಮವರು 'ಅದ' ಎನ್ನುತ್ತಾರೆ, ಧಾರವಾಡದ ಕಡೆಯವರಂತೆ 'ಐತಿ' ಎನ್ನುವ ಪಾತ್ರ ಇದ್ದರೆ ಆತ ಎಲ್ಲಿಂದ ಬಂದವನೆಂದು ನಿಮಗೆ ಗೊತ್ತಿರಬೇಕು. 'ಮಾಡುತ್ತಿದ್ದಾನೆ'ಗೆ ಕಲಬುರಗಿಯಲ್ಲಿ 'ಮಾಡ್ಲಾಕತ್ತಾನ', ಬೀದರ ಕಡೆ 'ಮಾಡ್ಲತ್ತಾನ'. ಎರಡರಲ್ಲಿ ಒಂದನ್ನು ಹಿಡಿಯಿರಿ. ಬ್ಯಾಡ, ಖರೆ, ದವಾಖಾನಿ, ಸಾಲಿ, ಬರೋಬ್ಬರಿ ಮುಂತಾದ ಪದಗಳ ಕಾಗುಣಿತವನ್ನು ಒಮ್ಮೆ ಗೊತ್ತುಮಾಡಿ; ಒಂದು ಕಡೆ 'ಖರೆ' ಇನ್ನೊಂದು ಕಡೆ 'ಖರೇ' ಆದರೆ ಆಮೇಲೆ ಹುಡುಕಿ ತಿದ್ದಲು ವಾರಗಟ್ಟಲೆ ಹಿಡಿಯುತ್ತದೆ. ಪಟ್ಟಿಯ ಕೆಳಗೆ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದು: ಮುತ್ಯಾ, ಆಯಿ, ಕಾಕಾ, ವೈನಿ, ತಮ್ಮಾ. ಸೊಸೆ ಅತ್ತೆಯ ಜೊತೆ 'ರೀ' ಹಚ್ಚುತ್ತಾಳೆ. ಅತ್ತೆ ಸಿಟ್ಟಿಗೆದ್ದಾಗಲೂ ಮಗನಿಗೆ 'ಯಪ್ಪಾ' ಎನ್ನುತ್ತಾಳೆ. ಇದು ನಿಶ್ಚಯವಾದರೆ ಸಂಭಾಷಣೆ ಅರ್ಧ ಬರೆದಂತೆಯೇ.

ಬಾವಿಯ ಪ್ರಸಂಗದಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಮೈದುನನಿಗೆ ಹೀಗೆ ಕೇಳಲಿ: "ಹೊಲ ಮಾರ್ತೀನಂತಿ. ಮುತ್ಯಾ ತೋಡಿದ ಬಾವಿ ಅದ ಅಲ್ಲಿ. ಅದನ್ನ ಎಷ್ಟಕ್ಕ ಮಾರ್ತಿ?" ಇದಕ್ಕೆ ಅಡಿಟಿಪ್ಪಣಿ ಬೇಡ, ಅರ್ಥಕೋಶ ಬೇಡ. ಮೊದಲ ಕರಡಿನಲ್ಲಿ ಒಂದು ಪದಕ್ಕೂ ವಿವರಣೆ ಕೊಡಬೇಡಿ. ಸಂದರ್ಭವೇ ಹೇಳದಿದ್ದ ಪದ ಯಾವುದು ಎಂಬುದು ಹೊರಗಿನ ಓದುಗರೊಬ್ಬರು ಓದಿದ ಮೇಲೆ ಗೊತ್ತಾಗುತ್ತದೆ, ಆಗ ನೋಡಿಕೊಂಡರಾಯಿತು.

ನಮ್ಮ ಊರುಗಳಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಒಂದೇ ಓಣಿಯಲ್ಲಿ ಕೇಳುತ್ತವೆ. ದಖನಿ ಮಾತಾಡುವ ಪಾತ್ರವನ್ನು ತೋರಿಸಲು 'ಹೌ', 'ನಕ್ಕೋ' ಎಂಬಂಥ ಒಂದೆರಡು ಗುರುತಿನ ಪದ, ಒಂದು ಚಿಕ್ಕ ವಾಕ್ಯ ಸಾಕು. ಅರ್ಧ ಪುಟ ಉರ್ದುವನ್ನು ಕನ್ನಡ ಲಿಪಿಯಲ್ಲಿ ತುಂಬಿದರೆ ಓದುಗರು ದಾಟಿ ಹೋಗುತ್ತಾರೆ. ಜೊತೆಗೆ, ಕನ್ನಡದ ನೆರೆಯವರ ಜೊತೆ ಮಾತಾಡುವಾಗ ಆ ಪಾತ್ರ ಚೆಂದದ ಕನ್ನಡವನ್ನೇ ಆಡುತ್ತದೆ ಎಂಬುದನ್ನು ಮರೆಯಬೇಡಿ. ಬೇರೆ ಮನೆಮಾತಿನವರ ಕನ್ನಡವನ್ನು ನಗೆಗೆ ಬಳಸುವುದು ಹಳೆಯ ನಾಟಕ ಕಂಪನಿಗಳ ಚಾಳಿ. ಕಾದಂಬರಿಯಲ್ಲಿ ಅದು ಪಾತ್ರವನ್ನು ಕೊಲ್ಲುತ್ತದೆ.

ಚೀಟಿಗಳು

45 ಪ್ರಸಂಗ, ಒಂದೊಂದಕ್ಕೆ ಸುಮಾರು 1,000 ಪದ ಎಂದು ಅಂದಾಜು ಮಾಡಿಕೊಳ್ಳಿ. ಆದರೆ 45 ಚೀಟಿಗಳನ್ನೂ ಒಟ್ಟಿಗೆ ಬರೆಯಲು ಹೋಗಬೇಡಿ. ಹದಿನೈದನೆಯ ಪ್ರಸಂಗ ಬರೆಯುವಷ್ಟರಲ್ಲಿ ಪಾತ್ರಗಳು ನಿಮಗೆ ಗೊತ್ತಿಲ್ಲದ ಏನನ್ನೋ ಮಾಡಿರುತ್ತವೆ, ಮೂವತ್ತನೆಯ ಚೀಟಿ ಆಗ ವ್ಯರ್ಥ. ಮೊದಲು ಹನ್ನೆರಡು ಮಾತ್ರ: ಆರಂಭದ ನಾಲ್ಕು, ನಡುವಿನ ದೊಡ್ಡ ತಿರುವುಗಳಿಗೆ ಐದು, ಕೊನೆಯ ಮೂರು. ಉಳಿದವನ್ನು ಪ್ರತಿ ಭಾನುವಾರ ಮುಂದಿನ ವಾರಕ್ಕೆ ಬೇಕಾಗುವ ಎರಡು-ಮೂರರಂತೆ ಬರೆದುಕೊಳ್ಳಿ. ಅಂಗೈಯಗಲದ ಚೀಟಿ ಸಾಕು.

ಚೀಟಿಯಲ್ಲಿ ಜಾಗ ಮತ್ತು ಹೊತ್ತು, ಯಾರು ಇದ್ದಾರೆ, ಯಾರಿಗೆ ಏನು ಬೇಕು, ಪ್ರಸಂಗ ಮುಗಿದಾಗ ಏನು ಬದಲಾಗಿದೆ ಎಂಬ ನಾಲ್ಕು ಸಾಲು. ಕೊನೆಯ ಸಾಲೇ ಮುಖ್ಯ. 'ತಮ್ಮ ಊರಿಗೆ ಬಂದ, ಎಲ್ಲರೂ ಊಟ ಮಾಡಿದರು' ಎಂಬ ಚೀಟಿಯಿಂದ ಪ್ರಸಂಗ ಹುಟ್ಟುವುದಿಲ್ಲ. 'ತಮ್ಮ ಊರಿಗೆ ಬಂದ. ಊಟಕ್ಕೆ ಕೂತಾಗ ಪುಣೆಯಲ್ಲಿ ರೂಮು ಬಿಟ್ಟಿದ್ದೇನೆ ಎಂದ. ಇನ್ನು ಹೋಗುವುದಿಲ್ಲ ಎಂಬುದು ವೈನಿಗೆ ಮಾತ್ರ ಹೊಳೆಯಿತು' ಎಂದರೆ ಬರೆಯಲು ಏನೋ ಸಿಕ್ಕಿತು. ಊಟದಲ್ಲಿ ಏನಿತ್ತು ಎಂಬುದು ತಾನಾಗಿ ಬರುತ್ತದೆ.

ಜಾತ್ರೆ, ಉರುಸು, ಮೊಹರಂ ಅಲಾಯಿ, ಎಳ್ಳಮಾವಾಸ್ಯೆ ಇವು ಚೀಟಿಗೆ ಬಂದಾಗ ಎಚ್ಚರ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯನ್ನೋ ಮೈಲಾಪುರದ ಮೈಲಾರಲಿಂಗನ ಜಾತ್ರೆಯನ್ನೋ ವರ್ಣಿಸಲು ಹೊರಟರೆ ನಾಲ್ಕು ಪುಟ ಸುಲಭವಾಗಿ ತುಂಬುತ್ತವೆ, ಕಥೆ ಮಾತ್ರ ಒಂದು ಹೆಜ್ಜೆಯೂ ಸಾಗಿರುವುದಿಲ್ಲ. ಜನಸಂದಣಿಯಲ್ಲಿ ಇಬ್ಬರು ಎದುರಾಗಬೇಕು, ಇಲ್ಲ ಯಾರೋ ಕಾಣೆಯಾಗಬೇಕು, ಇಲ್ಲ ಮಾತೊಂದು ಕಿವಿಗೆ ಬೀಳಬೇಕು. ಆ ಕಾರಣವಿದ್ದರೆ ಮಾತ್ರ ಜಾತ್ರೆ ಇರಲಿ. ಎಳ್ಳಮಾವಾಸ್ಯೆಯ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ನಮ್ಮ ಉದಾಹರಣೆಯಲ್ಲಿ ನಿಲ್ಲುತ್ತವೆ, ಏಕೆಂದರೆ ಚರಗ ಚೆಲ್ಲುವುದು ಯಾರ ಹೊಲದಲ್ಲಿ ಎಂಬುದೇ ಅಲ್ಲಿ ಜಗಳದ ಮೂಲ.

ದಿನದ ಕೆಲಸ

ಕೂತ ತಕ್ಷಣ ನಿನ್ನೆಯ ಕೊನೆಯ ಅರ್ಧ ಪುಟವನ್ನು ಮಾತ್ರ ಓದಿ. ಅದಕ್ಕಿಂತ ಹಿಂದೆ ಹೋದರೆ ಕೈ ತಿದ್ದಲು ಶುರುಮಾಡುತ್ತದೆ. ಚೀಟಿಯನ್ನು ಎದುರಿಗೆ ಇಟ್ಟುಕೊಂಡು, ಫೋನನ್ನು ಬೇರೆ ಕೋಣೆಯಲ್ಲಿಟ್ಟು ನಲವತ್ತೈದು ನಿಮಿಷ ಬರೆಯಿರಿ. ವಾಕ್ಯ ಸರಿ ಬರದಿದ್ದರೆ ಅದನ್ನು ಹಾಗೇ ಬಿಟ್ಟು ಮುಂದಿನ ವಾಕ್ಯಕ್ಕೆ ಹೋಗಿ, ಹೊಡೆದು ಹಾಕಬೇಡಿ. ಹೊಡೆದು ಹಾಕಿದ ಜಾಗದಲ್ಲಿ ಮನಸ್ಸು ನಿಂತುಬಿಡುತ್ತದೆ. 400 ಆಗುತ್ತಿದ್ದಂತೆ ಪ್ರಸಂಗದ ನಡುವೆಯೇ, ಮುಂದೇನು ಎಂಬುದು ಗೊತ್ತಿರುವಾಗಲೇ ನಿಲ್ಲಿಸಿ, ನಾಳೆಯ ಮೊದಲ ಎರಡು ವಾಕ್ಯಗಳ ಸುಳಿವನ್ನು ಗೀಚಿಡಿ. ಪ್ರಸಂಗ ಮುಗಿಸಿಯೇ ಏಳುತ್ತೇನೆ ಎನ್ನುವವರಿಗೆ ಮರುದಿನ ಖಾಲಿ ಹಾಳೆ ಎದುರಾಗುತ್ತದೆ. ಹೆಚ್ಚಿನ ದಿನಗಳು ತಪ್ಪುವುದು ಅಲ್ಲೇ.

ಒಂದು ದಿನ ತಪ್ಪಿದರೆ ಮರುದಿನ 800 ಬರೆಯುತ್ತೇನೆಂದು ಹೊರಡಬೇಡಿ. ಬಾಕಿ ಬಾಕಿಯೇ ಇರಲಿ, ಆರು ವಾರದ ಬಿಡುವು ಅದಕ್ಕೆಂದೇ ಇದೆ.

ಗೊತ್ತಿಲ್ಲದ್ದು ಎದುರಾದಾಗ

ಬರೆಯುತ್ತಿರುವಾಗ ಪ್ರಶ್ನೆಗಳು ಬಂದೇ ಬರುತ್ತವೆ. 2012ರಲ್ಲಿ ಗಂಜಿನಲ್ಲಿ ಕ್ವಿಂಟಲ್ ತೊಗರಿಗೆ ಎಷ್ಟಿತ್ತು? ಪಾಲು ಪತ್ರಕ್ಕೆ ಯಾರ ಯಾರ ಸಹಿ ಬೇಕು? ಆಳಂದದಿಂದ ಪುಣೆ ಬಸ್ಸು ಎಷ್ಟು ಹೊತ್ತಿಗೆ? ಫೋನ್ ತೆಗೆದು ಹುಡುಕಲು ಹೋದರೆ ಅಂದಿನ ಬರವಣಿಗೆ ಮುಗಿದಂತೆ. ಆ ಜಾಗದಲ್ಲಿ ## ಎಂದು ಹಾಕಿ ಮುಂದೆ ನಡೆಯಿರಿ: 'ಅಡತ್ಯಾ ಕ್ವಿಂಟಲಿಗೆ ## ಅಂದ.' (ಅಡತ್ಯಾ ಎಂದರೆ ಗಂಜಿನ ದಲಾಲಿ.) ಹೆಸರು ಹೊಳೆಯದಿದ್ದರೆ @@. ಇಂಥ ಗುರುತು ಕನ್ನಡ ಬರಹದಲ್ಲಿ ಬೇರೆಲ್ಲೂ ಬರುವುದಿಲ್ಲವಾದ್ದರಿಂದ ಆಮೇಲೆ ಒಂದೇ ಹುಡುಕಾಟಕ್ಕೆ ಎಲ್ಲವೂ ಸಿಗುತ್ತವೆ. ನೋಟ್‌ಬುಕ್ಕಿನಲ್ಲಾದರೆ ಅಂಚಿನಲ್ಲಿ ಕೆಂಪು ಸುತ್ತು ಸಾಕು.

ಭಾನುವಾರ ಒಂದು ಗಂಟೆ ಈ ಗುರುತುಗಳಿಗೆ. ಅವುಗಳಲ್ಲಿ ಕಥೆಯ ದಾರಿಯನ್ನೇ ಬದಲಿಸುವಂಥದ್ದು ಯಾವುದು ಎಂದು ಮೊದಲು ನೋಡಿ. ಧಾರಣೆ ಎಷ್ಟು ಎಂಬುದು ಕಾಯುತ್ತದೆ. ಅಣ್ಣನ ಒಪ್ಪಿಗೆಯಿಲ್ಲದೆ ತಮ್ಮ ತನ್ನ ಪಾಲು ಮಾರಬಹುದೇ ಎಂಬುದು ಕಾಯುವುದಿಲ್ಲ, ಏಕೆಂದರೆ ಮುಂದಿನ ಹತ್ತು ಪ್ರಸಂಗ ಅದರ ಮೇಲೆ ನಿಂತಿವೆ. ಅಂಥದ್ದಕ್ಕೆ ವಕೀಲರನ್ನೋ ಊರ ಗ್ರಾಮ ಆಡಳಿತಾಧಿಕಾರಿಯನ್ನೋ ಕೇಳಿ ಆ ವಾರವೇ ಬಗೆಹರಿಸಿಕೊಳ್ಳಿ.

ರಜಾಕಾರರ ಕಾಲ, ವಿಮೋಚನೆ, ಸುರಪುರದ ಸಂಸ್ಥಾನ, ಬಹಮನಿಗಳ ಬೀದರ ಇವನ್ನು ಆರಿಸಿಕೊಂಡವರಿಗೆ ಈ ನಿಯಮ ಇನ್ನೂ ಕಟ್ಟುನಿಟ್ಟು. ಹಿರಿಯರನ್ನು ಕೇಳುವುದು ಬೇಕು, ತಡಮಾಡಬಾರದು ಕೂಡ. 1948ನ್ನು ಕಣ್ಣಾರೆ ಕಂಡವರು ಈಗ ಬಹಳ ಕಡಿಮೆ. ಆದರೆ ಅವರ ಮಾತನ್ನು ಫೋನಿನಲ್ಲಿ ಮುದ್ರಿಸಿ ಜೋಪಾನ ಮಾಡುವುದು ಒಂದು ಕೆಲಸ, ಕರಡು ಬರೆಯುವುದು ಬೇರೆ ಕೆಲಸ. ಒಬ್ಬರ ಹತ್ತಿರ ಹೋಗುವಾಗ ಐದು ಪ್ರಶ್ನೆ ಬರೆದುಕೊಂಡು ಹೋಗಿ, ಅವೂ ಚಿಕ್ಕಚಿಕ್ಕವು: ಆ ರಾತ್ರಿ ಬಾಗಿಲಿಗೆ ಏನು ಅಡ್ಡ ಇಟ್ಟಿರಿ, ಗುಳೆ ಹೋಗುವಾಗ ಬುತ್ತಿಗೆ ಏನು ಕಟ್ಟಿದಿರಿ, ದನ ಯಾರಿಗೆ ಒಪ್ಪಿಸಿದಿರಿ. 'ಆ ಕಾಲ ಹೇಗಿತ್ತು' ಎಂದು ಕೇಳಿದರೆ ಪುಸ್ತಕದಲ್ಲಿ ಈಗಾಗಲೇ ಇರುವುದೇ ತಿರುಗಿ ಬರುತ್ತದೆ. ಎಲ್ಲವನ್ನೂ ಓದಿ ಮುಗಿಸಿ ಆಮೇಲೆ ಬರೆಯುತ್ತೇನೆ ಎನ್ನುವವರು ಬಹುಮಟ್ಟಿಗೆ ಬರೆಯುವುದಿಲ್ಲ, ಏಕೆಂದರೆ ಓದು ಮುಗಿಯುವುದಿಲ್ಲ.

ಕರಡು ನಡುವೆ ಕುಸಿದರೆ

15,000ದಿಂದ 20,000 ಪದಗಳ ನಡುವೆ ಬಹುತೇಕ ಎಲ್ಲರಿಗೂ ಒಂದು ಕುಸಿತ ಬರುತ್ತದೆ. ಆರಂಭದ ಹುರುಪು ಇಳಿದಿರುತ್ತದೆ, ಕೊನೆ ದೂರವಿರುತ್ತದೆ. ಆಗ ಮೂರು ಆಸೆಗಳು ಕಾಡುತ್ತವೆ. ಮೊದಲ ಅಧ್ಯಾಯ ತಿದ್ದೋಣ ಎಂಬುದು ಒಂದು; ಹೊಸ ಪಾತ್ರವೊಂದನ್ನು ತರೋಣ ಎಂಬುದು ಇನ್ನೊಂದು; ಇದನ್ನು ಬಿಟ್ಟು ಬೇರೆ ಕಾದಂಬರಿ ಶುರುಮಾಡೋಣ ಎಂಬುದು ಮೂರನೆಯದು. ಮೂರಕ್ಕೂ ಮೂಲ ಒಂದೇ: ಮುಂದಿನ ಪ್ರಸಂಗದಲ್ಲಿ ಯಾರಿಗೂ ಏನೂ ಬೇಕಾಗಿಲ್ಲ.

ಹಾಳೆಗೆ ಹಿಂದಿರುಗಿ, ತಡೆಯಾಗಿ ನಿಂತವರ ಕಡೆಯಿಂದ ನೋಡಿ. ನಮ್ಮ ಕಥೆಯಲ್ಲಿ ಇಷ್ಟು ಹೊತ್ತೂ ವೈನಿಯ ಚಿಂತೆಯನ್ನೇ ಬರೆದಿದ್ದೇವೆ. ಮೈದುನ ಸುಮ್ಮನೆ ಕೂತಿರುತ್ತಾನೆಯೇ? ಅವನಿಗೆ ಸಾಲ ಕೊಟ್ಟವನು ಪುಣೆಯಿಂದ ಫೋನ್ ಮಾಡುತ್ತಾನೆ. ಅವನು ಯಾರಿಗೂ ಹೇಳದೆ ಗಂಜಿಗೆ ಹೋಗಿ ಅಣ್ಣನ ಅಡತ್ಯಾನ ಹತ್ತಿರ ಮುಂಗಡ ಕೇಳುತ್ತಾನೆ. ಆ ಸುದ್ದಿ ವೈನಿಗೆ ಹಮಾಲನೊಬ್ಬನಿಂದ ಮುಟ್ಟುತ್ತದೆ. ಎದುರಾಳಿಗೆ ಒಂದು ಹೆಜ್ಜೆ ಇಡಲು ಬಿಟ್ಟ ಕೂಡಲೇ ನಾಲ್ಕು ಚೀಟಿ ಸಿಕ್ಕವು, ಹೊಸ ಪಾತ್ರದ ಅಗತ್ಯವೂ ಬೀಳಲಿಲ್ಲ.

ಅದೂ ಆಗದಿದ್ದರೆ ಕೊನೆಯ ಮೂರು ಚೀಟಿಗಳಲ್ಲಿ ಒಂದನ್ನು ಈಗಲೇ ಬರೆದುಬಿಡಿ. ಎಳ್ಳಮಾವಾಸ್ಯೆಯ ಪ್ರಸಂಗ ಕೈಯಲ್ಲಿದ್ದರೆ ಅಲ್ಲಿಗೆ ತಲುಪಲು ನಡುವೆ ಏನೇನು ಆಗಿರಬೇಕು ಎಂಬುದು ಹಿಂದಿನಿಂದ ಕಾಣತೊಡಗುತ್ತದೆ. ನಡುವಿನ ತಿಂಗಳುಗಳನ್ನು ದಾಟಲು ತಿಳಿಯದಿದ್ದಾಗ 'ಕಳೆ ತೆಗೆದದ್ದಾಯಿತು, ಹೂ ಬಿಟ್ಟಿತು' ಎಂಬ ಒಂದು ಸಾಲು ಸಾಕು. ಪ್ರತಿ ದಿನದ ಲೆಕ್ಕವನ್ನು ಓದುಗರು ಕೇಳುವುದಿಲ್ಲ.

ಇನ್ನೊಂದು ಬಗೆಯ ಕುಸಿತ ಮನೆಯಿಂದ ಬರುತ್ತದೆ. 'ನಮ್ಮ ಮನಿ ಮಾತು ಬರದಾನ' ಎಂದು ಸಂಬಂಧಿಕರು ಅಂದಾರು ಎಂಬ ಅಳುಕು ಒಳ್ಳೊಳ್ಳೆಯ ಪ್ರಸಂಗಗಳನ್ನೇ ಮೊಂಡು ಮಾಡುತ್ತದೆ. ಆಮೇಲೆ ಹೆಸರು ಬದಲಿಸೋಣ ಎಂದುಕೊಂಡು ನಿಜವಾದ ಹೆಸರಿನಲ್ಲೇ ಬರೆಯುವುದು ಸರಿಯಲ್ಲ. ಆ ಹೆಸರು ಕಣ್ಣೆದುರು ಇರುವವರೆಗೂ ಕೈ ಅಂಜುತ್ತದೆ. ಮೊದಲ ದಿನವೇ ಹೆಸರು, ಊರು, ಉದ್ಯೋಗ, ಮಕ್ಕಳ ಸಂಖ್ಯೆ ಬದಲಿಸಿ, ಇಬ್ಬರ ಗುಣವನ್ನು ಒಂದೇ ಪಾತ್ರಕ್ಕೆ ಕೊಡಿ. ಕರಡು ಮುಗಿಯುವವರೆಗೆ ಮನೆಯವರಿಗೂ ಗೆಳೆಯರಿಗೂ ಓದಿ ತೋರಿಸಬೇಡಿ. ಹೊಗಳಿದರೂ ತೆಗಳಿದರೂ ಮರುದಿನದ ಪುಟ ಅವರ ಮುಖ ನೋಡಿ ಬರೆದಂತಾಗುತ್ತದೆ.

ಟೈಪಿಂಗ್, ಜೋಪಾನ

ಕಂಪ್ಯೂಟರಿನಲ್ಲಿ ಬರೆಯುವವರು ಮೊದಲ ದಿನದಿಂದಲೇ ಯುನಿಕೋಡ್ ಬಳಸಿ. ನುಡಿ, ಬರಹ ತಂತ್ರಾಂಶಗಳಲ್ಲೂ ಆ ಆಯ್ಕೆ ಇದೆ. ಹಳೆಯ ಫಾಂಟ್ ವಿಧಾನದಲ್ಲಿ ಬರೆದ ಕಡತ ಬೇರೆ ಯಂತ್ರದಲ್ಲಿ, ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹುಡುಕಾಟವೂ ನೆಟ್ಟಗೆ ನಡೆಯುವುದಿಲ್ಲ. ಡಿಟಿಪಿಯವರು ಆ ವಿಧಾನವನ್ನೇ ಕೇಳಿದರೆ ಕೊನೆಯಲ್ಲಿ ಪರಿವರ್ತಿಸಿ ಕೊಡಬಹುದು. ಫೋನಿಗೆ ಹೇಳಿ ಬರೆಸುವ ಸೌಲಭ್ಯ ನಿರೂಪಣೆಗೆ ಉಪಯೋಗಕ್ಕೆ ಬರುತ್ತದೆ. ಸಂಭಾಷಣೆಗೆ ಬೇಡ, 'ಮಾಡ್ಲಾಕತ್ತಾನ' ಎಂದದ್ದು ಬೇರೇನೋ ಆಗಿ ಮೂಡುತ್ತದೆ, ತಿದ್ದುವ ಹೊತ್ತಿಗೆ ಎರಡು ಸಲ ಟೈಪ್ ಮಾಡಬಹುದಿತ್ತು.

ವಾರಕ್ಕೊಮ್ಮೆ ಕಡತಕ್ಕೆ ದಿನಾಂಕದ ಹೆಸರು ಕೊಟ್ಟು ಹೊಸ ಪ್ರತಿ ಮಾಡಿ, ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಕೈಬರಹವಾದರೆ ಪುಟಗಳ ಫೋಟೋ ತೆಗೆದಿಡಿ, ಪುಟ ಸಂಖ್ಯೆ ಹಾಕಿಯೇ ತೆಗೆಯಿರಿ.

ಕೊನೆಯ ಪ್ರಸಂಗ ಬರೆದ ದಿನವೇ ತಿದ್ದಲು ಕೂರಬೇಡಿ. ಹಾಳೆಯ ಒಂದೇ ಬದಿಗೆ, ಸಾಲುಗಳ ನಡುವೆ ಎರಡು ಪಟ್ಟು ಜಾಗ ಬಿಟ್ಟು ಮುದ್ರಿಸಿ, ದಾರ ಕಟ್ಟಿ ನಾಲ್ಕು ವಾರ ಎತ್ತಿಡಿ. ಆ ನಾಲ್ಕು ವಾರದಲ್ಲಿ ಬಾಕಿ ಉಳಿದ ## ಗುರುತುಗಳನ್ನು ಒಂದೊಂದಾಗಿ ಬಗೆಹರಿಸಿ: ಹಳೆಯ ಧಾರಣೆಗೆ ಎಪಿಎಂಸಿ, ಹಳೆಯ ಪತ್ರಿಕೆಗಳಿಗೆ ಜಿಲ್ಲಾ ಕೇಂದ್ರ ಗ್ರಂಥಾಲಯ ಅಥವಾ ಗುಲ್ಬರ್ಗ ವಿಶ್ವವಿದ್ಯಾಲಯದ ಗ್ರಂಥಾಲಯ, ಪಾಲು ಪತ್ರದ ಮಾದರಿಗೆ ತಾಲ್ಲೂಕು ಕಚೇರಿಯ ಹೊರಗೆ ಕೂರುವ ಪತ್ರ ಬರಹಗಾರರು. ಆಮೇಲೆ ಮೊದಲ ಓದು ಪೆನ್ನಿಲ್ಲದೆ, ಎರಡು-ಮೂರು ದಿನದೊಳಗೆ ಪೂರ್ತಿ ಮುಗಿಯುವಂತೆ. ಎಲ್ಲಿ ಓದು ನಿಂತಿತೋ ಆ ಹಾಳೆಯ ಮೂಲೆ ಮಡಚಿ. ತಿದ್ದುಪಡಿಯನ್ನು ಮಡಚಿದ ಹಾಳೆಗಳಿಂದಲೇ ಶುರುಮಾಡಿ.